ಪರೀಕ್ಷೆಗೆ ಒಳಪಡುವುದು ಯಾವುದು?

1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರಿಶೀಲನೆಗೆ ದಕ್ಕುವ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿಯೊಂದನ್ನು ರಚಿಸಿದರು. ತಮ್ಮ ಪವಾಡಗಳನ್ನು ಸಮಿತಿಯ ಮುಂದೆ ತೋರಿಸುವಂತೆ ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರಗಳನ್ನು ಬರೆದರು, ಉತ್ತರ ಬರಲಿಲ್ಲ. ಹನುಮಂತನಗರದಿಂದ ನಡೆದು ಹೋಗಬಹುದಾದಷ್ಟು ಹತ್ತಿರದ ಬಸವನಗುಡಿ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬಾಳಿದ ಈ ಭೌತವಿಜ್ಞಾನಿಯ ಪ್ರಶ್ನೆಯನ್ನು ಕ್ರೈಸ್ತರು ಮೆಚ್ಚಿಕೊಳ್ಳುವುದು ಸುಲಭ. ಪತ್ರ ಹೋದದ್ದು ನಮ್ಮ ವಿಳಾಸಕ್ಕಲ್ಲವಲ್ಲ!

'ಪರಿಶೀಲನೆಗೆ ದಕ್ಕುವ' ಎಂಬ ಮಾತು ಸಮಿತಿಯ ಎಲ್ಲೆಯನ್ನು ಗೊತ್ತುಮಾಡಿತ್ತು. ಅದರ ಮುಂದಿದ್ದದ್ದು ವಿಭೂತಿ, ಉಂಗುರಗಳ ಪ್ರಶ್ನೆಯೇ ಹೊರತು ದೇವರ ಇರುವಿಕೆಯ ಪ್ರಶ್ನೆಯಲ್ಲ. ಆ ಮೌನದಿಂದಲೇ ನಿರೀಶ್ವರವಾದ ಸಿದ್ಧವಾಯಿತೆಂದು ತಿಳಿದವರೂ, ಸಮಿತಿಯನ್ನೇ ದೇವದೂಷಣೆಯೆಂದು ಕರೆದವರೂ ಈ ಎಲ್ಲೆಯನ್ನು ಸಮಾನವಾಗಿ ಮೀರಿದರು.

ಹಾಗೆಂದು, ನಮ್ಮ ದೇವರು ವ್ಯಕ್ತಿಸ್ವರೂಪಿ, ಆತನನ್ನು ಪ್ರಯೋಗಶಾಲೆಯಲ್ಲಿ ಕಾಣಲಾಗದು ಎಂದು ಹೇಳಿ ನಾವು ನುಣುಚಿಕೊಳ್ಳುವಂತಿಲ್ಲ. ಆ ಮಾತು ನಿಜ, ಆದರೆ ಅರ್ಧ ನಿಜ. ಮಾರ್ಕನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ ಸೂಚಕಕಾರ್ಯವನ್ನು ಕೇಳಿದ ಫರಿಸಾಯರನ್ನು ಯೇಸು ನಿರಾಕರಿಸುತ್ತಾನೆ. ಯೋಹಾನನ 20ನೆಯ ಅಧ್ಯಾಯದಲ್ಲಿ ತೋಮನಿಗೆ ಗಾಯಗಳನ್ನು ತೋರಿಸುತ್ತಾನೆ. ಇಬ್ಬರ ಬೇಡಿಕೆಯೂ ಒಂದೇ ಜಾತಿಯದಲ್ಲ. ಫರಿಸಾಯರಿಗೆ ಬೇಕಾದದ್ದು ಶಕ್ತಿಪ್ರದರ್ಶನ. ತಾನು ಹಿಂಬಾಲಿಸಿದ್ದವನೇ, ಶಿಲುಬೆಯಲ್ಲಿ ಸತ್ತವನೇ ಇವನೋ ಎಂಬುದು ತೋಮನ ಪ್ರಶ್ನೆ. ಒಬ್ಬ ವ್ಯಕ್ತಿಯನ್ನು ಗುರುತಿಸಲು ಬೇಕಾದ ಪುರಾವೆ ಅದು. ಅದನ್ನು ಕೇಳಿದ್ದಕ್ಕಾಗಿ ತೋಮನು ಶಿಷ್ಯರ ಗುಂಪಿನಿಂದ ಹೊರಬೀಳಲಿಲ್ಲ. 'ಸಂಶಯದ ತೋಮ' ಎಂಬ ಹಣೆಪಟ್ಟಿ ನಮ್ಮ ಬೋಧಪೀಠಗಳ ಕಾಣಿಕೆ.

ಪೌಲನೂ ಪುರಾವೆಗೆ ಬೆನ್ನು ತಿರುಗಿಸುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಪುನರುತ್ಥಾನದ ಸಾಕ್ಷಿಗಳನ್ನು ಎಣಿಸಿ, ಐನೂರಕ್ಕೂ ಹೆಚ್ಚು ಮಂದಿಯಲ್ಲಿ ಬಹುತೇಕರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ: ಸಂಶಯವಿದ್ದರೆ ಹೋಗಿ ವಿಚಾರಿಸಿ ಎಂಬ ಧ್ವನಿ ಅಲ್ಲಿದೆ. ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ನಂಬಿಕೆ ವ್ಯರ್ಥ ಎಂದೂ ಒಪ್ಪುತ್ತಾನೆ. ಆ ಸಾಕ್ಷಿಗಳನ್ನು ಇಂದು ಪಾಟೀಸವಾಲಿಗೆ ಕರೆಯಲಾಗದು ಎಂಬ ನಿರೀಶ್ವರವಾದಿಯ ಆಕ್ಷೇಪ ಹಗುರವಾದದ್ದಲ್ಲ. ಯುವಜನರ ಮುಂದೆ ಅದನ್ನು ಮುಚ್ಚಿಡುವುದು ತರವಲ್ಲ.

ಆದರೆ ಇಂದಿನ ಸ್ವಸ್ಥತಾ ಕೂಟಗಳ ಸಾಕ್ಷಿಗಳು ನಮ್ಮ ನಡುವೆಯೇ ಇದ್ದಾರೆ. ಫ್ರಾನ್ಸಿನ ಲೂರ್ದಿನಲ್ಲಿ 1883ರಿಂದ ವೈದ್ಯಕೀಯ ತಪಾಸಣಾ ಕಚೇರಿಯಿದೆ. ವಾಸಿಯಾಯಿತೆಂಬ ಸಾವಿರಾರು ಹೇಳಿಕೆಗಳಲ್ಲಿ ಕಥೋಲಿಕ ಸಭೆ ಪವಾಡವೆಂದು ಅಂಗೀಕರಿಸಿದ್ದು ಸುಮಾರು 70ನ್ನು ಮಾತ್ರ. ನಮ್ಮ ವೇದಿಕೆಗಳ ಮೇಲೆ ಸಕ್ಕರೆ ಕಾಯಿಲೆ ವಾಸಿಯಾಯಿತೆಂದು ಸಾಕ್ಷಿ ಹೇಳಿದವರು ಮೂರು ತಿಂಗಳ ಬಳಿಕ ರಕ್ತಪರೀಕ್ಷೆ ಮಾಡಿಸಿಕೊಂಡರೇ, ಇಲ್ಲವೇ ಆ ಸಂಜೆಯೇ ಮಾತ್ರೆ ನಿಲ್ಲಿಸಿದರೇ ಎಂದು ಯಾವ ಸಭಾಪಾಲಕರು ವಿಚಾರಿಸಿದ್ದಾರೆ? ಇದನ್ನು ಕೇಳಲು ಕುಲಪತಿಗಳ ಸಮಿತಿ ಬೇಕಿಲ್ಲ. ಮುಂದಿನ ವಾರ ರೋಗಿಯ ಮನೆಗೆ ಹೋದಾಗ ಕೇಳಬಹುದು.