ಅಂತರ್ಜಾಲದ ಹೆಸರುಗಳು: ತೆರೆದ ಬಾಗಿಲು, ಬಾರದ ಅತಿಥಿಗಳು

ಕಲಬುರಗಿ ಜಿಲ್ಲೆಯ ನಮ್ಮ ಭಾಗದ ಊರುಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಹೊರಟವರಿಗೆ ಒಂದು ತೊಡಕು ತಪ್ಪುವುದಿಲ್ಲ. ಕನ್ನಡದಲ್ಲಿ ಸೇಡಂ ಎಂದರೆ ಸೇಡಂ, ರೈಲ್ವೆಯ ಇಂಗ್ಲಿಷಿನಲ್ಲಿ ಅದು ಸೇರಂ. ಚಿತ್ತಾಪುರಕ್ಕೆ ಕೆಲವರು ಒಂದು 'ಟಿ' ಹಾಕುತ್ತಾರೆ, ಕೆಲವರು ಎರಡು. ಶಹಾಬಾದ ಎಂಬ ಊರು ಹರಿಯಾಣದಲ್ಲೂ ಇದೆ, ಉತ್ತರ ಪ್ರದೇಶದಲ್ಲೂ ಇದೆ. ಇನ್ನು ವಾಡಿ. ಮರಾಠಿಯಲ್ಲಿ ಅದು ಸಣ್ಣ ಹಳ್ಳಿ. ಇಂಗ್ಲಿಷಿನ ಅದೇ ನಾಲ್ಕು ಅಕ್ಷರಗಳು ಅರಬ್ಬಿಯ 'ವಾದಿ'ಯೂ ಆಗುತ್ತವೆ, ಅಂದರೆ ಕಣಿವೆ, ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ. ಕನ್ನಡದ ಡಕಾರಕ್ಕೂ ಅರಬ್ಬಿಯ ದಕಾರಕ್ಕೂ ಇರುವ ವ್ಯತ್ಯಾಸವನ್ನು ರೋಮನ್ ಲಿಪಿ ಕಾಣಿಸುವುದಿಲ್ಲ.

ಅಂತರ್ಜಾಲದಲ್ಲಿ ಒಂದು ಹೆಸರು ಒಬ್ಬರಿಗೆ ಮಾತ್ರ. ಮೊದಲು ಬಂದವರಿಗೆ ಮೊದಲು ಸಿಗುತ್ತದೆ. ಹಾಗಿರುವಾಗ ಊರಿನ, ಭಾಷೆಯ, ಧರ್ಮದ ಹೆಸರು ಯಾರಿಗೆ ಸಲ್ಲಬೇಕು, ಯಾವ ಅಕ್ಷರದಲ್ಲಿ ಸಲ್ಲಬೇಕು ಎನ್ನುವುದು ಬರಿಯ ತಾಂತ್ರಿಕ ಪ್ರಶ್ನೆಯಲ್ಲ. ಆದರೂ ಅದನ್ನು ನಾವು ಕಂಪ್ಯೂಟರ್ ಇಂಜಿನಿಯರುಗಳ ಪಾಲಿಗೆ ಬಿಟ್ಟು ಸುಮ್ಮನಿದ್ದೇವೆ. ನನ್ನ ತಕರಾರು ಈ ಸುಮ್ಮನಿರುವಿಕೆಯ ಬಗ್ಗೆ.

ಜಾಲತಾಣದ ವಿಳಾಸದಲ್ಲಿ ಕೊನೆಯ ಚುಕ್ಕೆಯ ನಂತರ ಬರುವ ಭಾಗವನ್ನು, ಅಂದರೆ ಕಾಮ್, ಆರ್ಗ್, ಇನ್ ಮುಂತಾದವನ್ನು, ಒಂದು ಮೂಲ ಪಟ್ಟಿಯಲ್ಲಿ ಬರೆದಿಡಲಾಗುತ್ತದೆ. ಇಡೀ ಜಗತ್ತಿಗೆ ಇರುವುದು ಆ ಒಂದೇ ಪಟ್ಟಿ. ಅದನ್ನು ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್, 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆ. ಅಮೆರಿಕ ಸರ್ಕಾರದ ಮೇಲುಸ್ತುವಾರಿ ಒಪ್ಪಂದ 2016ರ ಅಕ್ಟೋಬರ್ 1ರಂದು ಮುಗಿಯಿತು. ಅದಾದ ಮೇಲೆ ಐಕ್ಯಾನಿನ ಮೊದಲ ಮಹಾಸಭೆ ನಡೆದದ್ದು ಎಲ್ಲಿ ಗೊತ್ತೆ? ಹೈದರಾಬಾದಿನಲ್ಲಿ, 2016ರ ನವೆಂಬರ್ 3ರಿಂದ 9ರವರೆಗೆ. ನಿಜಾಮರ ರೈಲು 1874ರಲ್ಲಿ ವಾಡಿಯಿಂದಲೇ ಆ ಊರಿಗೆ ಹೊರಟಿತ್ತು. ಅದಕ್ಕೂ ಮೊದಲು, 2008ರ ಡಿಸೆಂಬರಿನಲ್ಲಿ, ವಿಶ್ವಸಂಸ್ಥೆಯ ಅಂತರ್ಜಾಲ ಆಡಳಿತ ವೇದಿಕೆಯ ಸಭೆಯೂ ಹೈದರಾಬಾದಿನಲ್ಲೇ ಸೇರಿತ್ತು. ನಮಗೆ ಹೈದರಾಬಾದಿನ ಆಸ್ಪತ್ರೆಗಳು ಗೊತ್ತು, ಮದುವೆಯ ಬಟ್ಟೆ ತರುವ ಅಂಗಡಿಗಳು ಗೊತ್ತು. ಈ ಎರಡು ಸಭೆಗಳ ಸುದ್ದಿ ಮಾತ್ರ ಗೊತ್ತಾಗಲಿಲ್ಲ. 2016ರ ಸಭೆಯ ಕೊನೆಗೆ, ನವೆಂಬರ್ 8ರ ರಾತ್ರಿ, ನೋಟು ರದ್ದತಿಯ ಘೋಷಣೆಯಾಯಿತು. ಅದಾದ ಮೇಲೆ ನಾವೆಲ್ಲ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದೆವು.

ಐಕ್ಯಾನಿನ ನೀತಿ ಕೆಳಗಿನಿಂದ ಮೇಲಕ್ಕೆ ರೂಪುಗೊಳ್ಳುತ್ತದೆ ಎಂಬುದು ಅದರ ಹೆಮ್ಮೆ. ಒಂದು ವಿಷಯ ಎದ್ದಾಗ ಕಾರ್ಯತಂಡ ರಚನೆಯಾಗುತ್ತದೆ. ಅದಕ್ಕೆ ಯಾರು ಬೇಕಾದರೂ ಸೇರಬಹುದು, ಶುಲ್ಕವಿಲ್ಲ. ತಂಡ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ದೂರವಾಣಿ ಸಭೆಗಳಲ್ಲಿ ಚರ್ಚಿಸಿ ಒಮ್ಮತದ ಹತ್ತಿರಕ್ಕೆ ಬರುತ್ತದೆ. ಕರಡನ್ನು ಸಾಮಾನ್ಯವಾಗಿ 40 ದಿನ ಸಾರ್ವಜನಿಕ ಅಭಿಪ್ರಾಯಕ್ಕೆ ಇಡುತ್ತಾರೆ. ಆಮೇಲೆ ಮಂಡಳಿ, ಕೊನೆಗೆ ಆಡಳಿತ ಮಂಡಳಿ. ಸರ್ಕಾರಗಳು ಪ್ರತ್ಯೇಕ ಸಮಿತಿಯಲ್ಲಿ ಕುಳಿತು ಸಲಹೆ ಕೊಡುತ್ತವೆ. ಸಾಮಾನ್ಯ ಬಳಕೆದಾರರಿಗೂ ಒಂದು ಸಮಿತಿಯಿದೆ. ಕಾಗದದ ಮೇಲೆ ಇಷ್ಟು ತೆರೆದ ವ್ಯವಸ್ಥೆ ನಮ್ಮ ಗ್ರಾಮಸಭೆಗಳಲ್ಲೂ ಇಲ್ಲ ಎನ್ನಬೇಕು. ಇದನ್ನು ನಾನು ವ್ಯಂಗ್ಯಕ್ಕಾಗಿ ಹೇಳುತ್ತಿಲ್ಲ.

ಆದರೆ ತೆರೆದಿರುವುದಕ್ಕೂ ಜನ ಒಳಗೆ ಬರುವುದಕ್ಕೂ ವ್ಯತ್ಯಾಸವಿದೆ. ಅದು ತಿಳಿಯಬೇಕಾದರೆ ಕನ್ನಡದ್ದೇ ಉದಾಹರಣೆ ನೋಡಬೇಕು.

ರೋಮನ್ ಅಲ್ಲದ ಲಿಪಿಗಳಲ್ಲಿ ವಿಳಾಸ ಬರೆಯುವ ತಾಂತ್ರಿಕ ವಿಧಾನ 2003ರಲ್ಲೇ ಸಿದ್ಧವಾಗಿತ್ತು. ನಾವು ಕನ್ನಡದಲ್ಲಿ ಬರೆದದ್ದನ್ನು ಯಂತ್ರ ತನ್ನೊಳಗೆ ಎಕ್ಸ್, ಎನ್, ಎರಡು ಅಡ್ಡಗೆರೆ, ಅದರ ಮುಂದೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಬದಲಿಸಿಕೊಳ್ಳುತ್ತದೆ. ದೇಶಗಳ ಹೆಸರನ್ನು ಸ್ವಂತ ಲಿಪಿಯಲ್ಲಿ ಕೊಡಲು ಐಕ್ಯಾನ್ ಒಪ್ಪಿದ್ದು 2009ರಲ್ಲಿ, ಸೋಲ್ ನಗರದ ಸಭೆಯಲ್ಲಿ. 2010ರ ಮೇ ತಿಂಗಳಲ್ಲಿ ಮೊದಲು ಚಾಲ್ತಿಗೆ ಬಂದವು ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ ಮತ್ತು ಈಜಿಪ್ಟಿನ ಅರಬ್ಬಿ ಹೆಸರುಗಳು. 2011ರ ಜನವರಿಯಲ್ಲಿ ಭಾರತಕ್ಕೆ ಏಳು ಹೆಸರುಗಳು ಮಂಜೂರಾದವು: ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ತಮಿಳು, ತೆಲುಗು, ಉರ್ದು. ಕನ್ನಡ ಇರಲಿಲ್ಲ, ಮಲಯಾಳಂ ಒಡಿಯಾಗಳೂ ಇರಲಿಲ್ಲ. ಈ ಏಳನ್ನು ಆರಿಸಿ ಕಳಿಸಿದ್ದು ದೆಹಲಿಯೇ ಹೊರತು ಐಕ್ಯಾನ್ ಅಲ್ಲ. ಹಾಗಾಗಿ ಪರದೇಶದವರನ್ನು ಬೈದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಚುಕ್ಕೆ ಭಾರತ ಎಂಬ ಕನ್ನಡ ಹೆಸರು ಮೂಲ ಪಟ್ಟಿ ಸೇರಿದ್ದು ಹಲವು ವರ್ಷ ಕಾದ ಮೇಲೆ. ಈಗ 22 ಭಾಷೆಗಳಿಗೆ ಸಲ್ಲುವ 15 ಹೆಸರುಗಳಿವೆ. ತಮಿಳರು ಭಾರತವನ್ನು ಬಿಟ್ಟು 'ಇಂದಿಯಾ' ಎಂದು ಬರೆಸಿಕೊಂಡರು. ನಾನು ಅವರನ್ನು ಮೆಚ್ಚುತ್ತೇನೆ. ಸರಿ ತಪ್ಪು ಏನೇ ಇರಲಿ, ತಮ್ಮ ಭಾಷೆಯಲ್ಲಿ ದೇಶವನ್ನು ಏನೆಂದು ಕರೆಯುತ್ತೇವೆ ಎಂದು ಯಾರೋ ಯೋಚಿಸಿದ್ದರು.

ಇದಕ್ಕಿಂತ ದೊಡ್ಡ ಸಂಗತಿ ಲಿಪಿಯ ನಿಯಮಾವಳಿ. ಮೂಲ ಪಟ್ಟಿಗೆ ಸೇರುವ ಹೆಸರಿನಲ್ಲಿ ಪ್ರತಿ ಲಿಪಿಯ ಯಾವ ಅಕ್ಷರಗಳು ಬರಬಹುದು, ಯಾವುದರ ನಂತರ ಯಾವುದು ಬರಬಹುದು, ಯಾವ ಎರಡು ಅಕ್ಷರಗಳನ್ನು ಒಂದೇ ಎಂದು ಎಣಿಸಬೇಕು ಎಂದು ಐಕ್ಯಾನ್ ಲಿಪಿವಾರು ತಂಡಗಳಿಂದ ಬರೆಸಿತು. ಕನ್ನಡವೂ ಸೇರಿ ಒಂಬತ್ತು ಲಿಪಿಗಳಿಗೆ 'ನವ ಬ್ರಾಹ್ಮಿ' ಎಂಬ ಒಂದು ತಂಡ ಕೆಲಸ ಮಾಡಿತು. ಕನ್ನಡದ ಕರಡು 2018ರಲ್ಲಿ ಸಾರ್ವಜನಿಕರ ಮುಂದೆ ಬಂತು. 2019ರಲ್ಲಿ ಅಂತಿಮವಾಗಿ ಮೂಲ ಪಟ್ಟಿಯ ನಿಯಮದಲ್ಲಿ ಸೇರಿತು.

ಒಂದು ವ್ಯಾಕರಣ ಗ್ರಂಥವನ್ನು ಓದುವ ಹಾಗೆ ಇದನ್ನು ಓದಬಹುದು. ಕಾಗುಣಿತದ ಚಿಹ್ನೆ ವ್ಯಂಜನವನ್ನು ಹಿಡಿದೇ ಬರಬೇಕು, ಪದದ ಮೊದಲಿಗೆ ಅನುಸ್ವಾರ ಕೂಡದು ಎಂಬಂಥ ಮಾತುಗಳು ನಮ್ಮ ಒಂದನೇ ತರಗತಿಯ ಪಾಠವೇ. ಆದರೆ ಇದರ ಸ್ವಭಾವ ಬೇರೆ. ಕೇಶಿರಾಜ 13ನೇ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದಾಗ ಕವಿಗಳ ಪ್ರಯೋಗವನ್ನು ಮುಂದಿಟ್ಟುಕೊಂಡು ಸೂತ್ರ ಹೇಳಿದ. ಇಲ್ಲಿ ಮುಂದಿರುವುದು ಪ್ರಯೋಗವಲ್ಲ, ಅಪಾಯ. ಅನುಮಾನ ಬಂದರೆ ಬಿಟ್ಟುಬಿಡು ಎಂಬುದೇ ಈ ವ್ಯಾಕರಣದ ಮೂಲಸೂತ್ರ. ಅದಕ್ಕೆ ಕಾರಣವೂ ಇದೆ. 2005ರಲ್ಲಿ ರಷ್ಯನ್ ಲಿಪಿಯ 'ಅ' ಅಕ್ಷರವನ್ನು ರೋಮನ್ ಅಕ್ಷರದ ಜಾಗದಲ್ಲಿ ಕೂಡಿಸಿ, ಹಣ ಪಾವತಿಯ ಪ್ರಸಿದ್ಧ ತಾಣವಾದ ಪೇಪಾಲ್‌ನ ನಕಲಿ ವಿಳಾಸ ಮಾಡಬಹುದೆಂದು ತಜ್ಞರು ತೋರಿಸಿದ್ದರು. ಕಣ್ಣಿಗೆ ಒಂದೇ ತರಹ ಕಾಣುವ ಎರಡು ಹೆಸರು ಮೋಸಕ್ಕೆ ದಾರಿ.

ಈ ವಿಷಯದಲ್ಲಿ ಕನ್ನಡಕ್ಕೆ ಹತ್ತಿರದ ನೆಂಟ ತೆಲುಗು. ವಾಡಿಯಲ್ಲಿ ಇದನ್ನು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ನಮ್ಮ ಊರಿನ ಹೆಸರನ್ನೇ ತೆಲುಗು ಲಿಪಿಯಲ್ಲಿ ಬರೆದರೆ ತಲೆಕಟ್ಟಿನ ಸಣ್ಣ ವ್ಯತ್ಯಾಸ ಬಿಟ್ಟು ಒಂದೇ ರೂಪ. ಅರ್ಥ ಮಾತ್ರ ಬೇರೆ, ತೆಲುಗಿನಲ್ಲಿ ವಾಡಿ ಎಂದರೆ ಹರಿತ. ಯಂತ್ರಕ್ಕೆ ಇವು ಬೇರೆ ಬೇರೆ ಅಕ್ಷರ, ಅವಸರದಲ್ಲಿ ನೋಡುವ ಕಣ್ಣಿಗೆ ಒಂದೇ. ಆದ್ದರಿಂದ ಎರಡು ಲಿಪಿಗಳ ಹಲವು ಅಕ್ಷರಗಳನ್ನು ನಿಯಮಾವಳಿ ಪರಸ್ಪರ ಪರ್ಯಾಯ ಎಂದು ಗುರುತಿಸಿದೆ. ಒಬ್ಬರು ಕನ್ನಡದಲ್ಲಿ ಒಂದು ಹೆಸರು ಪಡೆದರೆ ಅದರ ತೆಲುಗು ಪ್ರತಿರೂಪ ಇನ್ನೊಬ್ಬರಿಗೆ ಸಿಗುವುದಿಲ್ಲ. ಇದು ವಿವೇಕದ ನಿರ್ಧಾರ. ಆದರೆ ಗಮನಿಸಿ, ಎರಡು ಭಾಷಾ ಸಮುದಾಯಗಳ ಹಕ್ಕನ್ನು ಇದು ಒಂದಕ್ಕೊಂದು ಗಂಟು ಹಾಕಿದೆ. ನದಿ ನೀರಿನ ಹಂಚಿಕೆಯಲ್ಲಿ ಇಂಥದ್ದು ನಡೆದಿದ್ದರೆ ಎರಡು ವಿಧಾನಸಭೆಗಳು ಮಾತಾಡುತ್ತಿದ್ದವು.

ಇನ್ನೊಂದು ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ಕನ್ನಡದಲ್ಲಿ ಬೆರಳಚ್ಚು ಮಾಡುವವರಿಗೆ ಕಣ್ಣಿಗೆ ಕಾಣದ ಎರಡು ಅಕ್ಷರಗಳ ಪರಿಚಯ ಇರುತ್ತದೆ: ಒಂದು ಕೂಡಿಸುವುದು, ಇನ್ನೊಂದು ಬಿಡಿಸುವುದು. 'ರಾಜ್‌ಕುಮಾರ್' ಎಂದು ಬರೆದಾಗ ಜಕಾರದ ಕೆಳಗೆ ಕಕಾರ ಒತ್ತಾಗಿ ಇಳಿಯದಂತೆ ತಡೆಯುವುದು ಬಿಡಿಸುವ ಅಕ್ಷರ. 'ರ‍್ಯಾಂಕ್' ಎಂಬಲ್ಲಿ ರಕಾರವನ್ನು ಅರ್ಕಾವತ್ತಾಗದಂತೆ ಹಿಡಿದಿಡುವುದು ಕೂಡಿಸುವ ಅಕ್ಷರ. 2003ರ ತಾಂತ್ರಿಕ ವಿಧಾನ ಇವೆರಡನ್ನೂ ಸದ್ದಿಲ್ಲದೆ ಅಳಿಸಿಹಾಕುತ್ತಿತ್ತು. 2010ರಲ್ಲಿ ಹೊರಬಂದ ಪರಿಷ್ಕೃತ ವಿಧಾನ ಹಲಂತದ ನಂತರ ಬಳಸಲು ಅವಕಾಶ ಕೊಟ್ಟಿತು. ಆದರೆ ಮೂಲ ಪಟ್ಟಿಯ ನಿಯಮ ಎರಡನ್ನೂ ಎಲ್ಲ ಲಿಪಿಗಳಿಗೂ ನಿಷೇಧಿಸಿದೆ. ಕೊನೆಯ ಚುಕ್ಕೆಯ ಹಿಂದಿನ ಭಾಗಕ್ಕೆ ಆಯಾ ನೋಂದಣಿ ಸಂಸ್ಥೆಯ ನಿಯಮ ಬೇರೆ ಇರಬಹುದು, ಮೂಲ ಪಟ್ಟಿಯಲ್ಲಿ ಮಾತ್ರ ಇವಕ್ಕೆ ಜಾಗವಿಲ್ಲ.

ಇದರಿಂದ ಯಾರಿಗೆ ತೊಂದರೆ? ಸಂಸ್ಕೃತದ ಜಾಡಿನ ಪದಗಳಿಗೆ ಅಷ್ಟಾಗಿ ಇಲ್ಲ. ತೊಂದರೆ ಇರುವುದು ಅರಬ್ಬಿ, ಫಾರಸಿ, ಇಂಗ್ಲಿಷ್ ಮೂಲದ ಪದಗಳಿಗೆ. 'ಅಲ್‌ಫಲಾಹ್' ಎಂಬುದು 'ಅಲ್ಫಲಾಹ್' ಆಗುತ್ತದೆ, 'ಫೇಸ್‌ಬುಕ್' 'ಫೇಸ್ಬುಕ್' ಆಗುತ್ತದೆ. ಸೇಡಂ, ಚಿಂಚೋಳಿಗಳ ಹಳೆಯ ಜನ ಅಫ್ಜಲ್‌ಪುರವನ್ನು ಅಫಜಲಪುರ ಮಾಡಿ ನಾಲಿಗೆಗೆ ಹಗುರ ಮಾಡಿಕೊಂಡರು, ಅದು ಭಾಷೆ ತನ್ನ ಪಾಡಿಗೆ ಮಾಡಿದ ಕೆಲಸ. ಇಲ್ಲಿ ಮಾಡಿದ್ದು ನಿಯಮ. ಕನ್ನಡ ಲಿಪಿಯಲ್ಲಿ ಕನ್ನಡ ಮಾತ್ರ ಬರೆಯುವುದಿಲ್ಲ. ಬ್ಯಾರಿ, ತುಳು, ಕೊಡವ, ಕೊಂಕಣಿಗಳನ್ನೂ ಬರೆಯುತ್ತೇವೆ. ಬ್ಯಾರಿಯಲ್ಲಿ ಎಷ್ಟು ಹೆಸರುಗಳು ವ್ಯಂಜನದಲ್ಲಿ ಮುಗಿದು ವ್ಯಂಜನದಿಂದ ಶುರುವಾಗುವ ಇನ್ನೊಂದಕ್ಕೆ ಕೂಡುತ್ತವೆ ಎಂದು ಕರಾವಳಿಯ ಓದುಗರಿಗೆ ಹೇಳಬೇಕಿಲ್ಲ.

ನಿಷೇಧಕ್ಕೆ ಕಾರಣ ಇಲ್ಲವೆಂದಲ್ಲ, ಕಾಣದ ಅಕ್ಷರ ಮೋಸಗಾರನ ಕೈಯಲ್ಲಿ ಒಳ್ಳೆಯ ಆಯುಧ. ನನ್ನ ಮಾತು ಇಷ್ಟೆ: ಈ ಚರ್ಚೆ ಇಂಗ್ಲಿಷಿನಲ್ಲಿ ನಡೆಯಿತು, ಕನ್ನಡ ಲಿಪಿಯ ನಿಯಮದ ದಾಖಲೆ ಇಂಗ್ಲಿಷಿನಲ್ಲಿದೆ, ಅಭಿಪ್ರಾಯ ಕೇಳಿದ್ದೂ ಇಂಗ್ಲಿಷಿನಲ್ಲಿ. ಕನ್ನಡ ಪಾಠ ಹೇಳುವ ನನ್ನ ಪರಿಚಯದವರಲ್ಲಿ ವಿಚಾರಿಸಿದೆ, ಇಂಥದ್ದೊಂದು ನಡೆದಿದೆ ಎಂದು ಕೇಳಿದವರೇ ಇಲ್ಲ. ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಹಟ ಹಿಡಿದು ಮಾತಾಡಿದಾಗ, ಕೀಲಿಮಣೆಯ ಜಗಳ ಪತ್ರಿಕೆಗಳ ಮುಖಪುಟಕ್ಕೂ ಬಂದಿತ್ತು. ವಿಳಾಸದ ಜಗಳ ಯಾವ ಪುಟಕ್ಕೂ ಬರಲಿಲ್ಲ. ಯಾರೂ ಆಕ್ಷೇಪಿಸದಿರುವುದನ್ನು ಒಮ್ಮತ ಎಂದು ಬರೆದುಕೊಳ್ಳುವುದು ಸುಲಭ.

ಇದಕ್ಕೆ ತದ್ವಿರುದ್ಧವಾದ ಪ್ರಕರಣ 'ಇಸ್ಲಾಂ' ಎಂಬ ಪದದ್ದು. ಅಲ್ಲಿ ಗದ್ದಲಕ್ಕೆ ಕೊರತೆ ಇರಲಿಲ್ಲ. 2012ರಲ್ಲಿ ಐಕ್ಯಾನ್ ಹೊಸ ಹೆಸರುಗಳಿಗೆ ಅರ್ಜಿ ಕರೆದಾಗ 1,930 ಅರ್ಜಿಗಳು ಬಂದವು. ಒಂದೊಂದಕ್ಕೂ ಶುಲ್ಕ 1,85,000 ಡಾಲರ್. ಟರ್ಕಿಯ ಏಷ್ಯಾ ಗ್ರೀನ್ ಐಟಿ ಸಿಸ್ಟಮ್ ಎಂಬ ಕಂಪನಿ ಇಸ್ಲಾಂ, ಹಲಾಲ್ ಎಂಬ ಎರಡು ಹೆಸರು ಕೇಳಿತು. ಸಂಯುಕ್ತ ಅರಬ್ ಸಂಸ್ಥಾನ ಮತ್ತು ಭಾರತ ಮುನ್ನೆಚ್ಚರಿಕೆ ಕೊಟ್ಟವು. ಅರಬ್ ಸಂಸ್ಥಾನದ ವಿಧಿವತ್ ಆಕ್ಷೇಪಣೆಯನ್ನು 2013ರಲ್ಲಿ ತಜ್ಞರು ತಳ್ಳಿಹಾಕಿದರು. ಕಂಪನಿ ಗೆದ್ದಂತಾಯಿತು. ಆದರೆ ಅದೇ ನವೆಂಬರಿನಲ್ಲಿ 57 ದೇಶಗಳ ಇಸ್ಲಾಮಿಕ್ ಸಹಕಾರ ಸಂಘಟನೆ ವಿರೋಧದ ಪತ್ರ ಬರೆಯಿತು. 2014ರಲ್ಲಿ ಐಕ್ಯಾನ್ ಅರ್ಜಿಗಳನ್ನು ತಡೆಹಿಡಿಯಿತು. ಕಂಪನಿ ಸ್ವತಂತ್ರ ಪರಿಶೀಲನಾ ಪೀಠಕ್ಕೆ ಹೋಯಿತು. ಮುಚ್ಚಿದ ಬಾಗಿಲ ಹಿಂದಿನ ಮಾತುಕತೆ, ಕಾರಣ ಕೊಡದ ತಡೆ, ಇವು ಐಕ್ಯಾನಿನ ಸ್ವಂತ ನಿಯಮಕ್ಕೆ ವಿರುದ್ಧ ಎಂದು ಪೀಠ 2017ರಲ್ಲಿ ಹೇಳಿತು. 2018ರ ಅಕ್ಟೋಬರಿನಲ್ಲಿ ಆಡಳಿತ ಮಂಡಳಿ ಎರಡೂ ಅರ್ಜಿಗಳನ್ನು ನಿರಾಕರಿಸಿತು.

ಫಲಿತಾಂಶಕ್ಕೆ ನನ್ನ ತಕರಾರಿಲ್ಲ. ಒಂದು ಕಂಪನಿ, ಅದರ ಒಡೆಯರು ಮುಸ್ಲಿಮರೇ ಇರಲಿ, ಇಸ್ಲಾಂ ಎಂಬ ಪದದ ಬಾಗಿಲಲ್ಲಿ ಕುಳಿತು ಯಾರು ಒಳಗೆ ಬರಬೇಕೆಂದು ಹೇಳುವುದು ಸಲ್ಲದು. ಆದರೆ ಆಕ್ಷೇಪಿಸಿದ ಸರ್ಕಾರಗಳು ಯಾರ ಪರವಾಗಿ ಮಾತಾಡಿದವು? ನಮ್ಮ ಭಾಗದ ದರ್ಗಾದ ಮುಜಾವರರನ್ನು, ಮದರಸಾದ ಉಸ್ತಾದರನ್ನು, ಮನೆಯಲ್ಲಿ ಮಕ್ಕಳಿಗೆ ಖುರ್‌ಆನ್ ಕಲಿಸುವ ಹೆಣ್ಣುಮಕ್ಕಳನ್ನು ಅವು ಕೇಳಿದ್ದವೇ? ಭಾರತದ ಮುಸ್ಲಿಮರು ಆ ಸಂಘಟನೆಯ ಸದಸ್ಯ ದೇಶದ ಪ್ರಜೆಗಳೂ ಅಲ್ಲ. ನಮ್ಮ ಲಿಪಿಯ ನಿಯಮ ನಮ್ಮ ಮೌನದಿಂದ ಆಯಿತು, ಈ ಪದದ ತೀರ್ಮಾನ ದೊರೆಗಳ ಪತ್ರದಿಂದ ಆಯಿತು. ಕೆಳಗಿನಿಂದ ಮೇಲಕ್ಕೆ ಎಂಬ ಮಾತಿನಲ್ಲಿ ಕೆಳಗಿನವರು ಎರಡರಲ್ಲೂ ಇರಲಿಲ್ಲ.

ಸರ್ಕಾರಗಳ ಮಾತೂ ಸದಾ ನಡೆಯುವುದಿಲ್ಲ. ಅಮೆಜಾನ್ ನದಿಯ ದಡದ ಬ್ರೆಜಿಲ್, ಪೆರು ದೇಶಗಳು ವರ್ಷಗಟ್ಟಲೆ ವಿರೋಧಿಸಿದರೂ 2019ರಲ್ಲಿ ನದಿಯ ಹೆಸರನ್ನು ಅಮೆಜಾನ್ ಕಂಪನಿಗೆ ಕೊಡಲು ದಾರಿ ಮಾಡಲಾಯಿತು. ಭಾರತವೂ ಅಲೆದಾಡಿದೆ. 2011ರಲ್ಲಿ ವಿಶ್ವಸಂಸ್ಥೆಯಲ್ಲಿ ಅಂತರ್ಜಾಲ ನೀತಿಗೆ ಸರ್ಕಾರಗಳ ಸಮಿತಿ ಬೇಕೆಂದಿತು. 2015ರಲ್ಲಿ ಎಲ್ಲ ಪಾಲುದಾರರ ಪದ್ಧತಿಯೇ ಸರಿ ಎಂದಿತು. ಎರಡರ ನಡುವೆ ಕರ್ನಾಟಕದ ಶಾಸಕರೊಬ್ಬರು ಈ ಬಗ್ಗೆ ಎದ್ದು ಕೇಳಿದ್ದು ನನ್ನ ಗಮನಕ್ಕೆ ಬಂದಿಲ್ಲ.

ಮುಂದಿನ ಸುತ್ತಿನ ಅರ್ಜಿಗಳನ್ನು 2026ರ ಏಪ್ರಿಲ್ 30ರಿಂದ ಪಡೆಯುವುದೆಂದು ಐಕ್ಯಾನ್ ದಿನ ಗೊತ್ತುಮಾಡಿತು. ಶುಲ್ಕ 2,27,000 ಡಾಲರ್, ಹೆಚ್ಚುಕಡಿಮೆ ಎರಡು ಕೋಟಿ ರೂಪಾಯಿ. 2012ರ ಸುತ್ತಿನ ನಿಯಮದ ಪ್ರಕಾರ ರಾಜ್ಯದ ಹೆಸರು ಕೇಳಿದವರು ಸರ್ಕಾರದ ಒಪ್ಪಿಗೆ ಪತ್ರ ತರಬೇಕಿತ್ತು. ಭಾಷೆಯ ಹೆಸರಿಗೆ ಅಂಥ ಪತ್ರ ಬೇಕಿರಲಿಲ್ಲ. ಅಂದರೆ ಕರ್ನಾಟಕಕ್ಕೆ ಒಬ್ಬ ಕಾವಲುಗಾರ ಇದ್ದ, ಕನ್ನಡಕ್ಕೆ ಇರಲಿಲ್ಲ. ಊರುಗಳದ್ದು ಇನ್ನೂ ವಿಚಿತ್ರ. ಅರ್ಜಿದಾರ ಆ ಹೆಸರನ್ನು ಊರಿನ ಸಲುವಾಗಿಯೇ ಬಳಸುತ್ತೇನೆ ಎಂದರೆ ಮಾತ್ರ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಚಪ್ಪಲಿಯ ಬ್ರಾಂಡಿಗೋ ಸಿಮೆಂಟಿನ ಬ್ರಾಂಡಿಗೋ ವಾಡಿ ಎಂದು ಕೇಳಿದರೆ, ವಾಡಿಯ ಪುರಸಭೆಗೆ ಒಂದು ಕಾಗದವೂ ಬರಬೇಕಾಗಿಲ್ಲ.