ವಜ್ರದ ಕಥೆ ಸಾಕು, ಲೆಕ್ಕದ ಕಥೆ ಹೇಳಿ

ನೀರವ್ ಮೋದಿ ಹಗರಣ ಅಂದರೆ ಏನು ನೆನಪಿದೆ ಅಂತ ಯಾರನ್ನಾದರೂ ಕೇಳಿ ನೋಡಿ. ವಜ್ರದ ಹಾರ, ನಟಿಯರ ಜಾಹೀರಾತು, 2019ರಲ್ಲಿ ಲಂಡನ್ ಬೀದಿಯಲ್ಲಿ ವರದಿಗಾರನ ಕಣ್ಣಿಗೆ ಬಿದ್ದಾಗ ತೊಟ್ಟಿದ್ದ ದುಬಾರಿ ಕೋಟು. ನೆಟ್‌ಫ್ಲಿಕ್ಸ್ 2020ರಲ್ಲಿ ತಂದ ಸರಣಿಯ ಹೆಸರೇ ‘ಬ್ಯಾಡ್ ಬಾಯ್ ಬಿಲಿಯನೇರ್ಸ್’. ಒಬ್ಬೊಬ್ಬ ಸಿರಿವಂತನಿಗೆ ಒಂದೊಂದು ಕಂತು. ತೀರ್ಪು ಹೆಸರಲ್ಲೇ ಬಂದುಬಿಟ್ಟಿದೆ: ಕೆಟ್ಟ ಹುಡುಗ ಯಾರು ಅಂತ ಗೊತ್ತಾಯ್ತು, ಕಥೆ ಮುಗೀತು. ನನ್ನ ತಕರಾರು ಇರೋದೇ ಇಲ್ಲಿ. ಹೀಗೆ ಕಥೆ ಹೇಳಿದರೆ ಹಗರಣಕ್ಕೆ ನಾಯಕ ಸಿಗ್ತಾನೆ, ಕಾರಣ ಸಿಗಲ್ಲ.

ಆ ಹೊತ್ತಲ್ಲಿ ಬ್ಯಾಂಕಿನ ಕಂಪ್ಯೂಟರ್ ಏನು ಮಾಡ್ತಿತ್ತು? ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಇದ್ದದ್ದು ಹಳೇ ಕಾಲದ ದಪ್ಪ ರಿಜಿಸ್ಟರ್ ಅಲ್ಲ, ಫಿನಾಕಲ್. ನಮ್ಮ ಇನ್ಫೋಸಿಸ್‌ನ ಕೂಸು. ಇದನ್ನು ಓದ್ತಿರೋರಲ್ಲಿ ಒಂದಿಬ್ಬರು ಅದರ ಮೇಲೆ ಕೆಲಸ ಮಾಡಿದವರೂ ಇರಬಹುದು. ಬ್ಯಾಂಕು ಸಾಲ ಕೊಡಲಿ, ಗ್ಯಾರಂಟಿ ಕೊಡಲಿ, ಅದು ಅಲ್ಲಿ ದಾಖಲಾಗಬೇಕು. ದಾಖಲಾದರೆ ಗ್ರಾಹಕನ ಮಿತಿ ಎಷ್ಟು, ಮಾರ್ಜಿನ್ ಎಷ್ಟು ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಇನ್ನೊಂದು ಕಡೆ ಸ್ವಿಫ್ಟ್. ಅದು ಹಣ ಕಳಿಸಲ್ಲ, ಬ್ಯಾಂಕಿನಿಂದ ಬ್ಯಾಂಕಿಗೆ ಸಂದೇಶ ಕಳಿಸುತ್ತೆ. ‘ಈ ಆಮದುದಾರನಿಗೆ ಸಾಲ ಕೊಡಿ, ಅವನು ಕಟ್ಟದಿದ್ದರೆ ನಾವು ಕಟ್ತೀವಿ’ ಅಂತ ಬರೆದುಕೊಡುವ ಮುಚ್ಚಳಿಕೆಗೆ ಲೆಟರ್ ಆಫ್ ಅಂಡರ್‌ಟೇಕಿಂಗ್ ಅಂತಾರೆ. ಮುಂಬೈನ ಬ್ರ್ಯಾಡಿ ಹೌಸ್ ಶಾಖೆಯಿಂದ ಅದು ಸ್ವಿಫ್ಟ್ ಮೂಲಕ ಹೋದರೆ ಸಾಕು, ಭಾರತೀಯ ಬ್ಯಾಂಕುಗಳ ವಿದೇಶಿ ಶಾಖೆಗಳು ದುಡ್ಡು ಕೊಡ್ತಿದ್ದವು.

ಈ ಎರಡು ಯಂತ್ರಗಳು ಒಂದಕ್ಕೊಂದು ಮಾತಾಡ್ತಿರಲಿಲ್ಲ. ನಡುವೆ ಸೇತುವೆ ಅಂತ ಇದ್ದದ್ದು ಮನುಷ್ಯ. ಸ್ವಿಫ್ಟ್‌ನಲ್ಲಿ ಸಂದೇಶ ಕಳಿಸಿದವನೇ ಫಿನಾಕಲ್‌ನಲ್ಲೂ ಬರೆಯಬೇಕಿತ್ತು. ಬ್ಯಾಂಕಿನ ದೂರು, ಸಿಬಿಐ ಆರೋಪದ ಪ್ರಕಾರ ಒಬ್ಬ ಉಪ ವ್ಯವಸ್ಥಾಪಕ ವರ್ಷಗಟ್ಟಲೆ ಬರೆಯಲೇ ಇಲ್ಲ. ಅಷ್ಟೇ. ಹ್ಯಾಕಿಂಗ್ ಇಲ್ಲ, ವೈರಸ್ ಇಲ್ಲ. ಹಳೇ ಸಾಲ ತೀರಿಸಲು ಹೊಸ ಮುಚ್ಚಳಿಕೆ, ಅದನ್ನು ತೀರಿಸಲು ಮತ್ತೊಂದು. 2018ರ ಫೆಬ್ರವರಿ 14ರಂದು ಬ್ಯಾಂಕು ಬಾಯಿಬಿಟ್ಟಾಗ ಲೆಕ್ಕ ಸುಮಾರು 11,400 ಕೋಟಿ ರೂಪಾಯಿ. ಆಮೇಲೆ ಅದು 13,000 ಕೋಟಿ ದಾಟಿತು.

ಮಾಡೋನು ಒಬ್ಬ, ನೋಡೋನು ಇನ್ನೊಬ್ಬ ಎಂಬ ನಿಯಮ ಇರಲಿಲ್ಲವೇ? ಇತ್ತು. ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ಕೆಲ ವರ್ಷಕ್ಕೊಮ್ಮೆ ಎತ್ತಂಗಡಿ ಮಾಡಬೇಕೆಂಬ ನಿಯಮವೂ ಇತ್ತು. ಆತ 2010ರಿಂದ 2017ರಲ್ಲಿ ನಿವೃತ್ತನಾಗುವವರೆಗೆ ಅದೇ ಶಾಖೆಯಲ್ಲಿದ್ದ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ ಸ್ವಿಫ್ಟ್ ಸಂದೇಶಗಳ ಮೂಲಕವೇ 8.1 ಕೋಟಿ ಡಾಲರ್ ಕಳುವಾಗಿತ್ತು. ಅದೇ ಆಗಸ್ಟಿನಿಂದ ಕನಿಷ್ಠ 3 ಸಲ ಎಚ್ಚರಿಸಿದ್ದೆವು ಅಂತ ರಿಸರ್ವ್ ಬ್ಯಾಂಕೇ ಹೇಳಿಕೊಂಡಿದೆ. ಹೊರಗಿನ ಕಳ್ಳನಿಗೆ ಬೀಗ ಹುಡುಕುವ ಗಡಿಬಿಡಿಯಲ್ಲಿ, ಬೀಗದಕೈ ಸೊಂಟದಲ್ಲೇ ಇಟ್ಟುಕೊಂಡಿದ್ದವನನ್ನು ಯಾರೂ ನೋಡಲಿಲ್ಲ.

ಕೊನೆಗೆ ಇದನ್ನು ಹಿಡಿದದ್ದೂ ಸಾಫ್ಟ್‌ವೇರ್ ಅಲ್ಲ. 2018ರ ಜನವರಿಯಲ್ಲಿ ಮೋದಿ ಕಂಪನಿಗಳವರು ಮತ್ತೊಮ್ಮೆ ಮುಚ್ಚಳಿಕೆ ಕೇಳಿಕೊಂಡು ಬಂದರು. ಬ್ಯಾಂಕಿನವರು ಪೂರ್ತಿ ಮೊತ್ತದ ಮಾರ್ಜಿನ್ ಇಡಿ ಅಂದರು. ‘ಹಿಂದೆಲ್ಲ ಏನೂ ಇಡದೆ ಕೊಟ್ಟಿದ್ದೀರಲ್ಲ’ ಅಂತ ಉತ್ತರ ಬಂತು. ದಾಖಲೆ ತೆಗೆದು ನೋಡಿದರೆ ಅಲ್ಲಿ ಹಾಗೆ ಕೊಟ್ಟ ಸುಳಿವೇ ಇಲ್ಲ!

ಆಮೇಲಿನ ಸರ್ಕಾರಿ ಚಿಕಿತ್ಸೆ ಇನ್ನೂ ಚೆನ್ನಾಗಿದೆ. ಸ್ವಿಫ್ಟನ್ನು ಕೋರ್ ಬ್ಯಾಂಕಿಂಗಿಗೆ ಜೋಡಿಸಲು 2018ರ ಏಪ್ರಿಲ್ 30ರ ಗಡುವು ಕೊಟ್ಟರು. ಅದು ಸರಿಯಾದ ಕ್ರಮ, ತಡವಾಗಿ ಬಂತು ಅನ್ನೋದೊಂದೇ ದೂರು. ಆದರೆ ಆ ಗಡುವಿಗೂ ಮೊದಲೇ ಮಾರ್ಚಿನಲ್ಲಿ ಅಂಥ ಮುಚ್ಚಳಿಕೆಗಳನ್ನೇ ನಿಷೇಧಿಸಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ನಿಯತ್ತಿನ ಆಮದುದಾರರಿಗೂ ಅಗ್ಗದ ಸಾಲದ ದಾರಿ ಮುಚ್ಚಿತು.

ಜೋಡಿಸಿದ ಮೇಲಾದರೂ ನಿಶ್ಚಿಂತೆಯಾ? ನಮ್ಮ ಆಫೀಸುಗಳನ್ನೇ ನೋಡಿ. ಮೂರು ತಿಂಗಳಿಗೊಮ್ಮೆ ಮ್ಯಾನೇಜರ್‌ಗೆ ಆಕ್ಸೆಸ್ ರಿವ್ಯೂ ಮೇಲ್ ಬರುತ್ತೆ: ಇನ್ನೂರು ಸಾಲಿನ ಪಟ್ಟಿ, ಪಕ್ಕದಲ್ಲಿ ‘ಸೆಲೆಕ್ಟ್ ಆಲ್’ ಬಟನ್. ಯಾರಿಗೆ ಯಾವ ಅಧಿಕಾರ ಯಾಕಿದೆ ಅಂತ ಸಾಲುಸಾಲಾಗಿ ಕೇಳುವವನಿಗೆ ಪ್ರಮೋಷನ್ ಸಿಗಲ್ಲ, ರಿಲೀಸ್ ತಡ ಮಾಡಿದ ಅಂತ ಹೆಸರು ಬರುತ್ತೆ. ಆಡಿಟರ್ ಬಂದಾಗ ತೋರಿಸೋಕೆ ಅಪ್ರೂವಲ್‌ನ ಸ್ಕ್ರೀನ್‌ಶಾಟ್ ಇದ್ದರೆ ಕಂಟ್ರೋಲ್ ‘ಪಾಸ್’. ಬ್ರ್ಯಾಡಿ ಹೌಸ್‌ಗೂ ಆಡಿಟರ್‌ಗಳು ಬಂದು ಹೋಗಿದ್ದರು.

ವಿದೇಶದಿಂದ ಬಂದ ಆ ಸಾಲದ ಹಣ ಪಂಜಾಬ್ ನ್ಯಾಷನಲ್ ಬ್ಯಾಂಕಿನದೇ ನಾಸ್ಟ್ರೋ ಖಾತೆಗೆ, ಅಂದರೆ ಹೊರದೇಶದಲ್ಲಿ ಅದು ಇಟ್ಟುಕೊಂಡ ಖಾತೆಗೆ ಬಿದ್ದು, ಅಲ್ಲಿಂದ ಹೊರಗೆ ಹೋಗ್ತಿತ್ತು. ಆ ಖಾತೆಯ ಸ್ಟೇಟ್‌ಮೆಂಟ್ ಅಷ್ಟು ವರ್ಷ ಯಾರ ಟೇಬಲ್ಲಿಗೆ ಬರ್ತಿತ್ತು, ಅವರು ಅದನ್ನು ಯಾವುದರ ಜೊತೆ ತಾಳೆ ಹಾಕ್ತಿದ್ದರು? ಕ್ಯಾಮೆರಾ ಆ ಟೇಬಲ್ಲಿನ ಮುಂದೆ ಇಟ್ಟು ಒಂದು ಕಂತು ಮಾಡಿದರೆ ನಾನು ರಾತ್ರಿ ನಿದ್ದೆಗೆಟ್ಟು ನೋಡ್ತೀನಿ.