ಹೆಸರಿಲ್ಲದ ಬಳ್ಳಿಯ ಕುಲಶೋಧ

ಗೋದಾವರಿ ತೀರದ ಕಡಿಯಂ ಸಸ್ಯಕ್ಷೇತ್ರಗಳಿಂದ ಲಾರಿಯೇರಿ ಹೊರಟ ಬಳ್ಳಿಯೊಂದು ತುಂಗಭದ್ರೆಯ ಸೀಮೆಯನ್ನು ಮುಟ್ಟುವಷ್ಟರಲ್ಲಿ ಅದರ ಕೊರಳಿನ ಚೀಟಿ ಒಮ್ಮೆ ಮಳೆಗೆ ನೆನೆದು, ಒಮ್ಮೆ ಬಿಸಿಲಿಗೆ ಬೆಳ್ಳಗಾಗಿ, ಕಡೆಗೆ ಎಲ್ಲಿಯೋ ಉದುರಿಹೋಗಿರುವುದೇ ಹೆಚ್ಚು. ಮಾರುವವನನ್ನು ವಿಚಾರಿಸಿದರೆ 'ಫಾರಿನ್ ಬಳ್ಳಿ ಐತ್ರೀ, ಭಾಳ ಛಲೋ ಹೂ ಬಿಡತೈತಿ' ಎಂಬುದಕ್ಕಿಂತ ಹೆಚ್ಚಿನ ವಂಶಾವಳಿ ದೊರೆಯದು. ಹೀಗೆ ಅನಾಮಧೇಯವಾಗಿ ನಮ್ಮೂರು ನವಲಿಗೆ ಬಂದು, ನಮ್ಮ ಹಿತ್ತಲಿನ ಚಪ್ಪರವನ್ನು ಒಂದೇ ಮಳೆಗಾಲದಲ್ಲಿ ವಶಪಡಿಸಿಕೊಂಡ ಬಳ್ಳಿಯೊಂದರ ಕುಲವನ್ನು ಗೆಳೆಯರೆಲ್ಲ ಕೂಡಿ ಶೋಧಿಸಿದ ಬಗೆಯೇ ಈ ವಾರದ ವಿಷಯ. ಮನುಷ್ಯರಲ್ಲಿ ಕುಲವನ್ನು ಕೇಳುವುದು ಅಸಭ್ಯತೆ. ಸಸ್ಯಗಳಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಬಳ್ಳಿಯನ್ನು ಗುರುತಿಸಿಕೊಡಿರೆಂದು ಓದುಗರು ನನಗೆ ಕಳುಹಿಸುವ ಚಿತ್ರಗಳಲ್ಲಿ ಸಾಧಾರಣವಾಗಿ ಒಂದು ಹೂವಿರುತ್ತದೆ, ಇಲ್ಲವೆ ಒಂದು ಎಲೆಯಿರುತ್ತದೆ. ಅದು ಯಾವ ಉಪಾಯದಿಂದ ಮೇಲಕ್ಕೇರುತ್ತಿದೆಯೆಂಬುದು ಮಾತ್ರ ಕಾಣುವುದಿಲ್ಲ. ಅರ್ಧ ಉತ್ತರವಿರುವುದು ಅಲ್ಲಿಯೇ. ಹೀರೆ, ಹಾಗಲ, ದ್ರಾಕ್ಷಿಗಳು ತಂತುಗಳನ್ನು ಚಾಚಿ ಹಿಡಿಯುತ್ತವೆ. ಎಲೆಬಳ್ಳಿಯೂ ಮನಿಪ್ಲಾಂಟೂ ಗಿಣ್ಣುಗಿಣ್ಣಿಗೆ ಬೇರೂರಿ ಅಂಟಿಕೊಳ್ಳುತ್ತವೆ. ಅಗ್ನಿಶಿಖೆಯು ತನ್ನ ಎಲೆಯ ತುದಿಯನ್ನೇ ಸುರುಳಿಯಾಗಿಸಿ ಪಕ್ಕದ ಕಡ್ಡಿಯನ್ನು ಸುತ್ತುತ್ತದೆ. ಕಾಗದದ ಹೂವಿನ ಗಿಡವು ಮುಳ್ಳೂರಿ ಬೇಲಿಯ ಮೇಲೆ ಒರಗುತ್ತದೆಯೇ ಹೊರತು ಏರುವುದಿಲ್ಲ. ಅಮೃತಬಳ್ಳಿ ಇಡೀ ಕಾಂಡದಿಂದಲೇ ಆಸರೆಯನ್ನು ಬಳಸಿಕೊಳ್ಳುತ್ತದೆ. ಈ ಭೇದಗಳನ್ನು ಕ್ರಮವಾಗಿ ವಿಂಗಡಿಸಿದವನು ಚಾರ್ಲ್ಸ್ ಡಾರ್ವಿನ್. 1865ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಆತನ ದೀರ್ಘಪ್ರಬಂಧವು ಹತ್ತು ವರ್ಷಗಳ ಮೇಲೆ ಗ್ರಂಥವಾಯಿತು. ಅಸ್ವಸ್ಥನಾಗಿ ಕೋಣೆಯೊಳಗೇ ಉಳಿದಿದ್ದ ಕಾಲದಲ್ಲಿ ಆತನು ಹಾಪ್ ಬಳ್ಳಿಯ ಕುಡಿಯನ್ನು ಹಗಲಿರುಳೂ ನೋಡುತ್ತ ಕುಳಿತು, ಅದು ಸರಾಸರಿ 2 ಗಂಟೆ 8 ನಿಮಿಷಕ್ಕೊಮ್ಮೆ ಗಾಳಿಯಲ್ಲಿ ಒಂದು ಸುತ್ತು ತಿರುಗುವುದೆಂದು ಬರೆದಿಟ್ಟನು. ನಮ್ಮ ಬಳ್ಳಿಗೂ ತಂತುವಿರಲಿಲ್ಲ, ಮುಳ್ಳಿರಲಿಲ್ಲ, ಅಂಟುಬೇರಿರಲಿಲ್ಲ. ಕಾಂಡದಿಂದಲೇ ಕಂಬವನ್ನು ಸುತ್ತಿತ್ತು. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿದ್ದವು. ಚಿವುಟಿದರೆ ಹಾಲು ಒಸರುತ್ತಿರಲಿಲ್ಲ. ಹಾಲಿಲ್ಲವೆಂದೊಡನೆ ನಂದಿಬಟ್ಟಲಿನ ಬಂಧುಗಳೂ ಎಕ್ಕದ ಬಂಧುಗಳೂ ಪಟ್ಟಿಯಿಂದ ಹೊರಬಿದ್ದವು.

ಇನ್ನು ಮುಂದಿನದು ಗೆಳೆಯರ ಕೆಲಸ. ಗಂಗಾವತಿಯಲ್ಲಿ ಅಕ್ಕಿಯ ಗಿರಣಿಯಿಟ್ಟುಕೊಂಡು, ಅದರ ಹೊಟ್ಟಿನ ಬೂದಿಯನ್ನೆಲ್ಲ ಹೂಕುಂಡಗಳಿಗೆ ಸುರಿಯುವ ಸ್ನೇಹಿತರೊಬ್ಬರು ಎಲೆಯನ್ನು ಕಂಡವರೇ 'ಮೈಸೂರಿಂದ ಐತ್ರೀ ಇದು' ಎಂದು ತೀರ್ಪಿತ್ತರು. ಮಲೆನಾಡಿನ ಮನೆಯೊಂದರ ಮುಂಗಟ್ಟಿನಲ್ಲಿ ಅಂತಹದೇ ಎಲೆಯ ಬಳ್ಳಿಯಿಂದ ಹಳದಿ-ಕೆಂಪು ಹೂಮಾಲೆಗಳು ಜೋಲುತ್ತಿದ್ದುದನ್ನು ಅವರು ನೋಡಿದ್ದರಂತೆ. ಕೊಪ್ಪಳದಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸಿ ನಿವೃತ್ತರಾದ ಮೇಷ್ಟ್ರು, ಹೂವಿಲ್ಲದೆ ತಾವು ಯಾವ ಮಾತನ್ನೂ ಆಡುವುದಿಲ್ಲವೆಂದು ಮೌನ ವಹಿಸಿದರು. ಆದರೆ ನಿಜವಾಗಿ ದಾರಿ ತೋರಿದವರು ಕನಕಗಿರಿಯ ಸಂತೆಗೆ ಹೂವು ತರುವ ಹೆಣ್ಣುಮಗಳೊಬ್ಬರು. ಅವರು ಎಲೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಎಳೆಯ ಕಾಂಡವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊರಳಿಸಿ, ಅದರ ನಾಲ್ಕು ಏಣುಗಳನ್ನೂ ಗಿಣ್ಣಿನ ಉಬ್ಬನ್ನೂ ತಡವಿ, 'ಗಿಣ್ಣು ನೋಡ್ರೀ ಅಣ್ಣಾರ, ಕನಕಾಂಬರದ್ದ ಇದ್ದಂಗ ಐತಿ, ಅದರ ಬಳಗಾನ ಇರಬೇಕು' ಎಂದರು.

ಇದನ್ನು ಕೇಳಿ ಮೇಷ್ಟ್ರ ಮೌನ ಮುರಿಯಿತು. ಕನಕಾಂಬರ, ಗೋರಟೆ, ಆಡುಸೋಗೆಗಳೆಲ್ಲ ಸೇರಿದ ಅಕ್ಯಾಂತೇಸೀ ಕುಟುಂಬದಲ್ಲಿ ಹೀಗೆ ಕಂಬವನ್ನು ಸುತ್ತುವ ಪ್ರಸಿದ್ಧ ಜಾತಿಯೆಂದರೆ ಥನ್‌ಬರ್ಜಿಯ. ಲಿನೇಯಸನ ಶಿಷ್ಯನೂ ಜಪಾನಿನ ಸಸ್ಯಗಳನ್ನು ವರ್ಣಿಸಿದವನೂ ಆದ ಕಾರ್ಲ್ ಪೀಟರ್ ಥನ್‌ಬರ್ಗನ ಹೆಸರು ಅದಕ್ಕಿದೆ. ಕನಕಾಂಬರದ ಒಣ ತೆನೆಗೆ ನೀರು ಸೋಕಿದೊಡನೆ ಚಟಚಟನೆ ಸಿಡಿದು ಬೀಜವನ್ನು ಎಸೆಯುವುದನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಆ ಕುಟುಂಬದ ಬಹುಪಾಲು ಸಸ್ಯಗಳಲ್ಲಿ ಬೀಜದ ಬುಡಕ್ಕೆ ಕೊಕ್ಕೆಯಂತಹ ಗಟ್ಟಿಯಾದ ತೊಟ್ಟಿರುತ್ತದೆ. ಥನ್‌ಬರ್ಜಿಯಗಳಲ್ಲಿ ಆ ಕೊಕ್ಕೆಯಿಲ್ಲ. ಇಷ್ಟು ಕಾರಣಕ್ಕೆ ಕೆಲವು ಪಂಡಿತರು ಅವುಗಳನ್ನು ಬಳಗದಿಂದ ಹೊರಗಿಟ್ಟು ಬೇರೆಯೇ ಕುಟುಂಬವೆಂದು ಎಣಿಸಿದ್ದೂ ಉಂಟು. ಅಂತಹ ದಾಯಾದಿಯನ್ನು ಸಂತೆಯ ಹೂವಾಡಗಿತ್ತಿಯ ಬೆರಳು ಹೂವಿಲ್ಲದೆಯೇ, ಬೀಜವಿಲ್ಲದೆಯೇ ಹಿಡಿದುಬಿಟ್ಟಿತು!

ಕುಲ ತಿಳಿದ ಮೇಲೆ ವ್ಯಾಜ್ಯವು ಮೂವರಿಗೆ ಇಳಿಯಿತು. ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗನ ಕಾಲದಿಂದ ತೋಟಗಳಲ್ಲಿರುವ ಥನ್‌ಬರ್ಜಿಯ ಗ್ರಾಂಡಿಫ್ಲೋರದ ಎಲೆ ಅಗಲವಾಗಿ, ಅಂಚು ಕೋನಕೋನವಾಗಿ, ಮೈ ಒರಟಾಗಿ, ಬುಡದಿಂದಲೇ ಐದೋ ಏಳೋ ನರಗಳು ಹೊರಡುವಂತಿರುತ್ತದೆ; ನಮ್ಮದು ನೀಳವಾಗಿ ನುಣುಪಾಗಿ ಮೂರೇ ನರಗಳಿಂದ ಕೂಡಿದ್ದುದರಿಂದ ಅದು ಮೊದಲೇ ಸೋತಿತು. ಉಳಿದ ಎರಡೂ ಮೂರು ನರದವುಗಳೇ: ಒಂದು ಪಶ್ಚಿಮಘಟ್ಟಗಳ ನಿಜನಿವಾಸಿಯಾದ ಥನ್‌ಬರ್ಜಿಯ ಮೈಸೊರೆನ್ಸಿಸ್, ಇನ್ನೊಂದು ಬರ್ಮಾ-ಮಲಯ ದೇಶಗಳ ಕಡೆಯ, ಸಸ್ಯಶಾಸ್ತ್ರಜ್ಞ ಲಿಂಡ್ಲೆಯು ಹೆಸರಿಟ್ಟ ಥನ್‌ಬರ್ಜಿಯ ಲಾರಿಫೋಲಿಯ. ಇಲ್ಲಿ ಪುಸ್ತಕಗಳಿಂದ ಸಿಕ್ಕ ನೆರವು ಸ್ವಲ್ಪವೇ. ಸೆಸಿಲ್ ಸಲ್ಡಾನ್ಹಾ ಅವರ ಕರ್ನಾಟಕದ ಸಸ್ಯಸಂಪತ್ತಿನ ಮಹಾಗ್ರಂಥದ ಎರಡು ಸಂಪುಟಗಳು 1984ರಲ್ಲಿಯೂ 1996ರಲ್ಲಿಯೂ ಹೊರಬಂದುವು. ಕನಕಾಂಬರದ ಕುಟುಂಬದ ಸರದಿ ಅವುಗಳಲ್ಲಿ ಬಂದೇ ಇಲ್ಲ. ಆದುದರಿಂದ ಗ್ಯಾಂಬಲನ ಹಳೆಯ ಮದರಾಸು ಪ್ರಾಂತ್ಯದ ಸಸ್ಯಗ್ರಂಥಕ್ಕೇ ಶರಣು ಹೋಗಬೇಕು. ಅದಾದರೋ ಹೂವಿನ ಒಳಗನ್ನು ಬಿಚ್ಚಿ ತೋರಿಸಿದಲ್ಲದೆ ಬಾಗಿಲು ತೆರೆಯುವ ಪೈಕಿಯಲ್ಲ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿ 'ಹಸುರು ಹೊನ್ನು' ಬರೆದ ಬಿ.ಜಿ.ಎಲ್. ಸ್ವಾಮಿಯವರಂತಹ ಸಸ್ಯವಿಜ್ಞಾನಿ ನಮ್ಮ ಚಪ್ಪರದಡಿ ಒಂದು ಗಳಿಗೆ ನಿಂತಿದ್ದರೆ ವ್ಯಾಜ್ಯ ಅಷ್ಟರಲ್ಲಿಯೇ ಮುಗಿಯುತ್ತಿತ್ತೆಂದು ಮೇಷ್ಟ್ರು ನಿಟ್ಟುಸಿರಿಟ್ಟರು.

ದೀಪಾವಳಿ ಕಳೆದ ಮೇಲೆ ಮೊಗ್ಗು ಬಂದಿತು. ಎರಡು ಹಸಿರು ಪುಷ್ಪಪತ್ರಗಳು ಕಪ್ಪೆಚಿಪ್ಪಿನಂತೆ ಕೂಡಿಕೊಂಡು ಮೊಗ್ಗನ್ನು ಮುಚ್ಚಿದ್ದವು. ಅವುಗಳ ಮೇಲೆ ಕೆಂಜಿಗಗಳು ಎಡೆಬಿಡದೆ ಓಡಾಡುತ್ತಿದ್ದವು, ಏಕೆಂದರೆ ಈ ಜಾತಿಯ ಬಳ್ಳಿಗಳು ಹೂವಿನೊಳಗಲ್ಲದೆ ಹೂವಿನ ಹೊರಗೂ ಸಿಹಿಯನ್ನು ಒಸರಿಸಿ ಇರುವೆಗಳನ್ನು ಕಾವಲಿಗೆ ಇಟ್ಟುಕೊಳ್ಳುತ್ತವೆ. ಚಿಪ್ಪನ್ನು ಬಿಡಿಸಿದರೆ ಒಳಗೆ ಪುಷ್ಪಪಾತ್ರೆಯೆಂಬುದು ಹೆಸರಿಗೆ ಮಾತ್ರದ ಸಣ್ಣ ಉಂಗುರ. ಮರುದಿನ ಬೆಳಗ್ಗೆ ತಿಳಿನೇರಳೆಯ ಐದು ದಳಗಳೂ ಮಾಸಲು ಹಳದಿಯ ಕೊರಳೂ ಉಳ್ಳ ಹೂವು ಅರಳಿ, ಕರಿಯ ಬಡಗಿದುಂಬಿಯೊಂದು ಅದರೊಳಗೆ ನುಗ್ಗಿದಾಗ ಸಂಶಯಕ್ಕೆ ಎಡೆಯುಳಿಯಲಿಲ್ಲ. ಮೈಸೂರಿನದಾಗಿದ್ದರೆ ಇಟ್ಟಿಗೆಗೆಂಪು ಅಂಚಿನ ಹಳದಿಯ ಹೂಗಳು ಉದ್ದನೆಯ ಗೊಂಚಲಿನಲ್ಲಿ ಜೋತು ಸೂರಕ್ಕಿಗಳನ್ನು ಕರೆಯಬೇಕಾಗಿತ್ತು. ಇದು ಲಾರಿಫೋಲಿಯ.

ಗೆದ್ದ ಬಳ್ಳಿಯ ನಡತೆಯ ವಿಷಯದಲ್ಲಿ ಒಂದು ಮಾತು. ಥಾಯ್ ದೇಶದ ಜನ ಇದರ ಎಲೆಯ ಕಷಾಯವನ್ನು ವಿಷಹರವೆಂದು ಕುಡಿಯುವರಾದರೂ, ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಇದೇ ಬಳ್ಳಿ ತೋಟದ ಬೇಲಿಯನ್ನು ದಾಟಿ, ಹೊಳೆಯಂಚಿನ ಮರಗಳನ್ನು ಹೊದ್ದು ಮುಚ್ಚುವ ಘೋರ ಕಳೆಯಾಗಿದೆ. ಮೇಲೆ ಕಡಿದರೂ ನೆಲದಡಿಯ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ. ನವಲಿಯ ಒಣಹವೆಯಲ್ಲಿ ಅದರ ಆಟ ಹೆಚ್ಚು ನಡೆಯಲಾರದೆಂದು ನನ್ನ ಎಣಿಕೆ. ಆದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ವರ್ಷದ ಬಹುಭಾಗ ಹರಿಯುವ ಗಂಗಾವತಿ-ಕಾರಟಗಿಗಳ ಕಡೆಯವರು ಇದರ ಕಡ್ಡಿಯನ್ನು ಕೇಳಿದರೆ ನಾನು ಕೊಡಲು ಹಿಂಜರಿಯುತ್ತೇನೆ; ಸವರಿದ ತುಂಡುಗಳನ್ನು ಕಾಲುವೆಯ ಏರಿಗೆ ಎಸೆಯದೆ ಸುಡುವೆವೆಂದು ಮಾತು ಕೊಟ್ಟವರಿಗೆ ಮಾತ್ರ ಕೊಟ್ಟಿದ್ದೇನೆ.

ಗಿರಣಿಯ ಸ್ನೇಹಿತರು ಮಾತ್ರ ಇನ್ನೂ ಸೋಲೊಪ್ಪಿಲ್ಲ. ಮುಂದಿನ ಮುಂಗಾರಿಗೆ ನಿಜವಾದ ಮೈಸೂರಿನ ಬಳ್ಳಿಯನ್ನೇ ಘಟ್ಟದಿಂದ ತಂದು ನಮ್ಮ ಚಪ್ಪರಕ್ಕೆ ಹಬ್ಬಿಸುವುದಾಗಿ ಹೇಳುತ್ತಿದ್ದಾರೆ. ಮಂಜಿನಲ್ಲಿ ಹುಟ್ಟಿದ ಆ ಸುಕುಮಾರಿ ನಮ್ಮ ವೈಶಾಖದ ಗಾಳಿಗೆ ಎಷ್ಟು ದಿನ ತಡೆದೀತೆಂದು ನಾನು ಕೇಳಿದ್ದಕ್ಕೆ, ಬೇವಿನ ಮರದ ಬಡಗಣ ನೆರಳಿನಲ್ಲಿ ಗುಂಡಿ ತೋಡಿಸಿಡಿರೆಂದೂ, ಹೊಟ್ಟಿನ ಬೂದಿಯ ಹೊಣೆ ತಮ್ಮದೆಂದೂ ಹೇಳಿ ಕಳುಹಿಸಿದ್ದಾರೆ.